ಬೇರಿನ ಪಾಳಿ

ಇಪ್ಪತ್ತೆರಡು ವರ್ಷ ಕೃಷಿ ಕಾಲೇಜಿನ್ಯಾಗ
ಬಾಟಲಿ ತೊಳದಾಕಿ ನಾನು.
ಕಲಿಸಿದವರು ಕಡಿಮಿ, ತೊಳಕೋತ ಕಂಡದ್ದು ಭಾಳ.
ಕೆಲಸ ಬಿಡೂ ದಿನ ಒಬ್ಬ ಬಾಯಾರು
ಅಯೋಡಿನ್ನಿನ ಸಣ್ಣ ಸೀಸೆ ಕೈಯಾಗಿಟ್ಟು
"ಫಕೀರವ್ವ, ಇದು ನಿನಗ" ಅಂದ್ರು.

ಮನಿಗೆ ಬಂದಾಕಿನ ರೊಟ್ಟಿ ಮ್ಯಾಲ ಒಂದು ಹನಿ ಬಿಟ್ಟೆ.
ಜೋಳದ ರೊಟ್ಟಿ ಕಪ್ಪು ನೀಲಿ.
ಆಮ್ಯಾಲ ಬಟಾಟಿ. ಆಮ್ಯಾಲ
ಗಂಜಿ ಹಾಕಿದ ಅವರ ಧೋತರದ ಚುಂಗು.
ಬೈಸಿಕೊಂಡೆ.
ಹಿಟ್ಟು ಅಡಗಿ ಕುಂತಲ್ಲಿ ನೀಲಿ, ಇಷ್ಟ ನನ್ನ ವಿದ್ಯಾ.

ಕೆಲಗೇರಿ ಕೆರಿ ಹಿಂದ ಹನ್ನೊಂದು ಆಪೂಸ ಗಿಡ ನಮ್ಮವು.
ಹೋದ ಬ್ಯಾಸಿಗ್ಯಾಗ ಟೊಂಗಿ ಮುರೀಬಾರದಂತ
ಬಿದರಿನ ಗಳ ಆನಿಸಿದ್ವಿ, ಅಷ್ಟು ಕಾಯಿ.
ಭಾದ್ರಪದದಾಗ ಬಂದ ಖಾಜೇಸಾಬ ಬಾಗವಾನ,
ಮುಂಗಡ ಕೊಟ್ಟಾವ, ಕಿಸೆದಾಗ ಚೂರಿ.
"ಅಕ್ಕಾರ, ಟೊಂಗಿ ಸುತ್ತ ತೊಗಟಿ
ಸಣ್ಣ ಉಂಗುರಧಾಂಗ ಬಿಡಸ್ತೀನಿ.
ಹೂ ಬಿಡದ ಎಲ್ಲಿ ಹೋಗತಾವ ನೋಡೂಣು."

ಸುಳ್ಳಲ್ಲ ಅವನ ಮಾತು.
ತಾಮ್ರದ ಬಣ್ಣ ಇರೂತನ ಎಲಿ ಉಣ್ಣೂ ಕೂಸು,
ಹಸರಾಗಿ ಬಿರುಸಾತಂದ್ರ ತಾನ ಒಲಿ.
ನೀರು ಏರೂದು ಕಟ್ಟಿಗಿ ಒಳಗ,
ಸಕ್ಕರಿ ಇಳಿಯೂದು ತೊಗಟಿ ಬೆನ್ನಿಗೆ.
ತೊಗಟಿ ಕಡದ್ರ ದಾರಿ ಕಡೀತು,
ಬೆಂದದ್ದೆಲ್ಲ ಮ್ಯಾಲ ಉಳೀತು.

ಆದ್ರ ಪಂಕ್ತಿ ಹೆಂಗ ಕುಂತೈತಿ ನೋಡಪಾ ಅಂದೆ.
ಒಲಿ ಬಾಜೂಕ ಕಾಯಿ, ದೊಡ್ಡ ಹಸಿವಿಂದು,
ಕೈ ಚಾಚಿದ್ದ ಮೊದಲ ಅದು.
ಚಿಗರಿಗೆ ಅದರ ಬೆನ್ನಿಗೆ.
ಬೊಡ್ಡಿಗೆ ಒಂದೀಟು.
ಕತ್ತಲ್ಯಾಗ ಕಡೀ ಎಲಿ ಬೇರಿಂದು,
ಉಳದ್ರ ಉಂಟು.
ನೀರು ಹೊತ್ತು ತಂದಾಕಿ ಆಕೀನ.

"ಉಳದೈತೋ ಇಲ್ಲೋ ನಿಮಗ್ಹೆಂಗ ಗೊತ್ತು?"

ಸಲಿಕಿ ತಂದೆ. ಮೊಣಕೈ ಆಳಕ್ಕ ತೋಡಿದ್ವಿ ಇಬ್ಬರೂ.
ಹೆಬ್ಬಟ್ಟಿನಷ್ಟು ದಪ್ಪ ಬೇರು, ಬಿಲ್ಲಿ ಕೊರದು
ಸ್ಟೀಲ ತಾಟಿನ್ಯಾಗಿಟ್ಟು ಹನಿ ಬಿಟ್ಟೆ.
ಕಾದ್ವಿ.
ಚಾದ ಬಣ್ಣ. ಚಾದ ಬಣ್ಣದಾಗ ನಿಂತಿತು.
ಎರಡನೇ ಬಿಲ್ಲಿಗೂ ಅಷ್ಟ.
ಹೋದ ವರ್ಷದ ಕಾಯಿ ಕಣಜ ಬಳದು ಒಯ್ದಿದ್ವು.

ಖಾಜೇಸಾಬ ಚೂರಿ ಮಡಚಲಿಲ್ಲ.
ಮಣ್ಣು ಕೊಡವಿಕೋತ ಸಾವಕಾಶ ಅಂದ:
"ಗಿಡಕ್ಕ ಮುಂದಿನ ವರ್ಷ ಐತಿ ಅಕ್ಕಾರ.
ನನ್ನ ಗುತ್ತಿಗಿ ಈ ವರ್ಷದ್ದು."
ಇದೂ ಸುಳ್ಳಲ್ಲ.

ಹತ್ತು ಗಿಡ ಮುಟ್ಟಗೊಡಲಿಲ್ಲ ನಾನು.
ರಸ್ತೆ ಕಡಿ ಗಿಡದ ಒಂದು ಟೊಂಗಿ, ಅವನ ಪಾಲಿಂದು, ಕೊಟ್ಟೆ.
ನಾಜೂಕ ಕೈ ಅವಂದು.
ಬೆರಳಿಂದ ಉಂಗುರ ತಗದಾಂಗ
ತೊಗಟಿ ಬಂತು, ಹಸಿ, ಜಾರಿ,
ಸೊನಿ ಒಸರಿ ಅಂಗಳ ತುಂಬ ಮಾವಿನ ನಾತ.
ಅರ್ಧ ಮುಂಗಡ ತಿರುಗಿ ಕೊಡ್ತೀನಂದೆ, ಎರಡು ಕಂತಿನ್ಯಾಗ.
ತಲಿ ಅಲ್ಲಾಡಿಸಿದ. ಹೌದೋ ಅಲ್ಲೋ ತಿಳೀಲಿಲ್ಲ.

ಪುಷ್ಯಮಾಸದ ಥಂಡಿ.
ಹತ್ತು ಗಿಡ ಬರೇ ಹಸರು, ಮುಗಮ್ಮ ಕುಂತಾವ.
ಆ ಒಂದು ಟೊಂಗಿ ಮಾತ್ರ ತುದೀತನ ಹೂ,
ಮದವಿಮನಿ ಬಾಗಲಾ ತಪ್ಪಿ ಬಂದಾಂಗ.
ಮುಗದದ ಬಸ್ಸಿನ್ಯಾಗಿನ ಮಂದಿ
ಕಿಡಕ್ಯಾಗಿಂದ ಹಣಕಿ ಹಾಕಿ ನೋಡತಾರ.
ಉಂಗುರದ ಮ್ಯಾಲ ಒಂದು ಕಡ್ಡಿ ಮುರದು ಹನಿ ಬಿಟ್ಟೆ,
ಅಮಾಸಿ ರಾತ್ರಿ ಅಷ್ಟು ನೀಲಿ.
ಚಂದ ಅನಿಸ್ತು. ಹೊಟ್ಟಿ ಚುರ್ ಅಂತು.
ಎರಡೂ.

ನಿನ್ನೆ ನೋಡಿದೆ, ಗಾಯದ ಎರಡೂ ದಂಡಿಂದ
ಉಬ್ಬಿ ಬಂದ ಹೊಸ ತೊಗಟಿ
ಒಂದ ಕಡೆ, ಅಕ್ಕಿಕಾಳಿನಷ್ಟು ಅಗಲ,
ಕೂಡೇತಿ.
ಅಷ್ಟು ಸಂದಿ ಸಾಕು ಸಕ್ಕರಿಗೆ.

ಉಳಿದ ಹತ್ತರ ಬುಡ ಇನ್ನೂ ತೋಡಿಲ್ಲ.
ಉಣ್ಣಾಕ ಕುಂತಾರನ ಎಬ್ಬಿಸಬಾರದು.
ಸೀಸೇದಾಗ ತಳಕ್ಕ ನಾಕು ಹನಿ ಉಳದಾವ,
ಬೆರಳಿನ ಕಲಿ ಹೋಗವಲ್ದು,
ರೊಟ್ಟಿ ಬಡಿಯೂಮುಂದ
ಹಿಟ್ಟಿಗೆ ಹತ್ತಿ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕಿ.